ದೊಡ್ಡಪ್ಪನ ಅರ್ಧ ಗಂಟೆ

ನಮ್ಮ ದೊಡ್ಡಪ್ಪನಂಥ ಮಾತುಗಾರರು ಇಡೀ ಟಿ. ನರಸೀಪುರ ತಾಲ್ಲೂಕಿನಲ್ಲಿ ಇಲ್ಲ. ಅಂಥವರು ತಮ್ಮೂರು ಹೆಮ್ಮಿಗೆಯಲ್ಲಿ ಊರವರಿಗೆಲ್ಲ ಬಾಯಿ ಮುಚ್ಚಿ ಕೂರುವುದನ್ನು ಕಲಿಸುತ್ತಾರೆ ಎಂದರೆ ನಂಬುತ್ತೀರಾ? ಇನ್ನೂ ದೊಡ್ಡ ತಮಾಷೆಯಿದೆ. ಊರ ಜಗಳವನ್ನೆಲ್ಲ ಬಿಡಿಸುವ ಈ ಮಹಾಶಯರು ಸ್ವಂತ ತಮ್ಮನೊಂದಿಗೆ, ಅಂದರೆ ನಂಜನಗೂಡಿನಲ್ಲಿರುವ ನಮ್ಮಪ್ಪನೊಂದಿಗೆ, ಮಾತು ಬಿಟ್ಟು ಒಂಬತ್ತು ವರ್ಷ! ಇಬ್ಬರ ಹೊಲದ ನಡುವಿನ ಬದುವಿನಲ್ಲಿರುವ ಹುಣಸೆ ಮರದ ಜಗಳದಲ್ಲಿ ಎಲ್ಲರೆದುರು ಅಪ್ಪನ ಕೆನ್ನೆಗೆ ಬಾರಿಸಿದ್ದರು.

ಮೌನದ ಹುಚ್ಚು ಹತ್ತಿದ್ದು ಮೈಸೂರಿನಲ್ಲಿ. ಹನಿ ನೀರಾವರಿ ತರಬೇತಿಗೆ ಹೋದವರು ಬಾಗಿಲು ತಪ್ಪಿ ಪಕ್ಕದ ಹಾಲ್‌ಗೆ ನುಗ್ಗಿದರು. ಅಲ್ಲಿ ಕ್ವೇಕರರ ಶಾಂತಿ ಶಿಬಿರ. ಹೊಡೆದಾಟ ಬೇಡ, ಯುದ್ಧ ಬೇಡ ಎನ್ನುವ ಕ್ರೈಸ್ತ ಪಂಗಡ ಅದು; ಅವರ ಪ್ರಾರ್ಥನೆಯೆಂದರೆ ಒಟ್ಟಿಗೆ ಸುಮ್ಮನೆ ಕೂರುವುದು, ಮನಸ್ಸು ತಡೆಯದಾದಾಗ ಮಾತ್ರ ಎದ್ದು ಮಾತಾಡುವುದು. ದೊಡ್ಡಪ್ಪನೋ, ಸಾಹೇಬರು ಇನ್ನೂ ಬಂದಿಲ್ಲ ಎಂದುಕೊಂಡರು! ಅರ್ಧ ಗಂಟೆ ಕಾದು ಎದ್ದು ನಿಂತು, "ಪೈಪ್ ಯಾವಾಗ ಕೊಡ್ತೀರಾ, ಸಾ?" ಎಂದರಂತೆ. ಯಾರೂ ನಗಲಿಲ್ಲ. ಒಬ್ಬ ಅಜ್ಜಿ ಗಂಭೀರವಾಗಿ ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು. ತಮ್ಮ ಮಾತಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ದೊಡ್ಡಪ್ಪ ಸಂಜೆಯವರೆಗೂ ಅಲ್ಲೇ ಉಳಿದರು.

ಅಂದಿನಿಂದ ನಾಲೆ ನೀರಿನ ಸರದಿಗಾಗಿ ಗುದ್ದಲಿ ಎತ್ತಿದವರನ್ನೂ ತಮ್ಮ ಜಗಲಿಗೆ ಎಳೆದು ತರುತ್ತಾರೆ.

"ಅರ್ಧ ಗಂಟೆ ಬಾಯ್ ಮುಚ್ಕಂಡು ಕುಂತ್ಕಳ್ರಲಾ. ಆಮೇಕೆ ಒಡ್ದಾಡ್ಕಳಿ, ನಾನೇನ್ ಬ್ಯಾಡ ಅನ್ನಕಿಲ್ಲ!"

ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಇಲ್ಲವೇ ಒಬ್ಬ ಗೊರಕೆ ಹೊಡೆಯುತ್ತಿರುತ್ತಾನೆ. ಮಲಗಿದವನ ಮೇಲೆ ಕೈ ಮಾಡುವುದು ಹೇಗೆ? ದೊಡ್ಡಮ್ಮ ಮಾತ್ರ, "ನಮ್ಮನೆ ಕಾಫಿ ಕುಡ್ಯಕ್ಕೇ ಜಗಳ ಆಡ್ತವೆ, ಮೂದೇವ್‌ಗಳು" ಎಂದು ಗೊಣಗುತ್ತಾರೆ.

ಕಳೆದ ತಿಂಗಳು ಹಾಗೆ ಕೂತಿದ್ದವನೊಬ್ಬ, "ನೀವೂ ನಿಮ್ ತಮ್ಮನೂ ಯಾವಾಗ ಕುಂತ್ಕಳದು, ಗೌಡ್ರೇ?" ಎಂದುಬಿಟ್ಟ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನಂಜನಗೂಡಿನ ನಮ್ಮ ಜಗಲಿಯಲ್ಲಿ ಬಂದು ಕೂತರು. ಕೈಯಲ್ಲಿ ಹುಣಸೆ ಹಣ್ಣಿನ ಚೀಲ. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ದೊಡ್ಡಪ್ಪನ ಬಾಯಿ ತೆರೆಯಲಿಲ್ಲ. ಅಪ್ಪ ಒಂದು ಪುಟವನ್ನೂ ಮಗುಚಲಿಲ್ಲ. ಒಳಗೆ ನಿಂತ ನನಗೆ ಎಂಥ ಸಂಕಟ!

ಕೊನೆಗೆ ದೊಡ್ಡಪ್ಪ ಎದ್ದು ನಿಂತರು, ಆ ಹಾಲ್‌ನಲ್ಲಿ ನಿಂತ ಹಾಗೆಯೇ.

"ಅವತ್ತು ನಾನು ಕೈ ಎತ್‌ಬಾರ್ದಾಗಿತ್ತು ಕಣೋ."

ಅಪ್ಪ ಪೇಪರ್ ಇಳಿಸಿದರು. ಕಣ್ಣು ತುಂಬಿತ್ತು. "ಕುಂತ್ಕೊ ಅಣ್ಣ" ಎಂದರು. ಚೀಲದತ್ತ ನೋಡಿ, "ಮರ ಈ ವರ್ಷ ಚೆನ್ನಾಗಿ ಬಿಟ್ಟದಾ?"

ಇಡೀ ತಾಲ್ಲೂಕಿಗೇ ಹೆಸರಾದ ಆ ಮಾತುಗಾರರು ಉತ್ತರವಾಗಿ ಚೀಲವನ್ನು ಎತ್ತಿ ತಮ್ಮನ ತೊಡೆಯ ಮೇಲಿಟ್ಟರು.