ರಾಯಭಾರಿ ಎತ್ತು

ಯುದ್ಧಗಳು ಏಕಾಗುತ್ತವೆಂಬುದು ಈ ಭೂಮಂಡಲದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಅರಕಲಗೂಡಿನ ಬಳಿ ಹೊಗೆಸೊಪ್ಪು ಬೆಳೆಯುತ್ತಿದ್ದ ನಮ್ಮ ದೊಡ್ಡಪ್ಪ. ದೊಡ್ಡ ದೇಶಗಳ ಮಂತ್ರಿಗಳು ಅವರನ್ನೊಮ್ಮೆ ಕೇಳಿದ್ದರೆ ಎಷ್ಟು ಮದ್ದುಗುಂಡು ಉಳಿಯುತ್ತಿತ್ತೋ! ಕೇಳಲಿಲ್ಲ. ಅರಕಲಗೂಡಿನಲ್ಲಿ ಬಸ್ಸು ಬದಲಿಸಬೇಕಲ್ಲ.

ನಾನಾಗ ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ಒಂದು ಶನಿವಾರ ಊರಿಗೆ ಬಂದವನು, ಯುದ್ಧಕ್ಕೆ ನಮ್ಮ ಪುಸ್ತಕದಲ್ಲಿ ಏಳು ಕಾರಣ ಕೊಟ್ಟಿದ್ದಾರೆಂದು ದೊಡ್ಡಪ್ಪನಿಗೆ ಹೇಳಿ ನೋಡಿದೆ.

"ಏಳಾ? ಒಂದೇ ಕಣ್ಲಾ! ಮೊದ್ಲು ಮಾತಾಡ್ಸೋನು ಯಾರು ಅಂತ. ಇವ್ನು ಅವ್ನೇ ಮಾತಾಡ್ಸ್ಲಿ ಅಂತಾನೆ, ಅವ್ನು ಇವ್ನೇ ಅಂತಾನೆ. ಅಷ್ಟೊತ್ಗೆ ಫಿರಂಗಿ ಮಾತಾಡ್ಬುಡ್ತದೆ."

ಎಂಥ ದರ್ಶನ! ಇದನ್ನು ಉಪದೇಶಿಸಿದ ಮಹಾನುಭಾವರು ಸ್ವಂತ ತಮ್ಮನೊಂದಿಗೆ, ಅಂದರೆ ನಮ್ಮಪ್ಪನೊಂದಿಗೆ, ಮಾತು ಬಿಟ್ಟು ಆರು ವರ್ಷವಾಗಿತ್ತು. ಜಮೀನು ಪಾಲಾದ ಮೇಲೆ ಅಪ್ಪ ಉಳುವಾಗ ಬದುವನ್ನು ಒಂದು ಗೇಣು ಒತ್ತಿದರೆಂಬುದು ಆರೋಪ. ಬದು ತಾನಾಗಿಯೇ ಜರುಗಿತೆಂಬುದು ಅಪ್ಪನ ವಾದ.

ಹಾಗೆಂದು ವ್ಯವಹಾರ ನಿಲ್ಲುತ್ತದೆಯೇ? ಇದ್ದದ್ದು ಒಂದೇ ಬಾವಿ. ಮಾತು ಬಿಟ್ಟವರು ದನದೊಡನೆ ಮಾತಾಡಿ ಎದುರಿನವರಿಗೆ ಕೇಳಿಸುವುದು ನಮ್ಮ ಕಡೆಯ ವಾಡಿಕೆ. ಪಾಲಿನಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದ ಮುದಿ ಎತ್ತು ಬಸವ ಹೀಗೆ ಉಭಯ ರಾಷ್ಟ್ರಗಳ ರಾಯಭಾರಿಯಾಯಿತು.

"ಬಸವಾ, ನಾಳೆ ನೀರಿನ ಸರದಿ ನಮ್ದು. ಕೆಲವ್ರಿಗೆ ಮರ್ತೋಯ್ತದೆ" ಎಂದು ದೊಡ್ಡಪ್ಪ ಅದರ ಎಡಗಿವಿಗೆ.

"ನಂಗೇನ್ ಮರೆವಿಲ್ಲ ಬಸವಾ, ಕೆಲವ್ರ ಅಂಗೆ" ಎಂದು ಅಪ್ಪ ಬಲಗಿವಿಗೆ.

ಬಸವ ಯಾರ ಪಕ್ಷವನ್ನೂ ವಹಿಸದೆ ಇಬ್ಬರ ಹುಲ್ಲನ್ನೂ ತಿನ್ನುತ್ತಿತ್ತು. ಅಲಿಪ್ತ ನೀತಿಯೆಂದರೆ ಅದು!

ಕ್ರಾಂತಿಗೂ ದೊಡ್ಡಪ್ಪನಲ್ಲಿ ಸೂತ್ರವಿತ್ತು. "ಮುದ್ದೆ ಸಣ್ಣದಾದ್ರೆ ಸರ್ಕಾರ ಬೀಳ್ತದೆ." ದುರದೃಷ್ಟವಶಾತ್ ಇದನ್ನು ಒಳಗಿನಿಂದ ದೊಡ್ಡಮ್ಮ ಕೇಳಿಸಿಕೊಂಡರು. ರಾಗಿ ಕೋಣೆಯ ಬೀಗದಕೈ ದೊಡ್ಡಪ್ಪನ ಉಡಿದಾರದಲ್ಲಿತ್ತು. ದಿನಾ ಅವರೇ ಅಳೆದು ಕೊಡುತ್ತಿದ್ದರು. ಮರುದಿನ ಒಲೆ ಹೊತ್ತಲಿಲ್ಲ.

"ಯಾಕಮ್ಮಿ, ಒಲೆ ಅಚ್ಚಿಲ್ಲ?"

"ಸರ್ಕಾರ ಬೀಳ್ಲಿ ಅಂತ."

ಮಧ್ಯಾಹ್ನದ ಹೊತ್ತಿಗೆ ಬೀಗದಕೈ ದೊಡ್ಡಮ್ಮನ ಸೊಂಟಕ್ಕೆ ವರ್ಗವಾಯಿತು. ರಕ್ತಪಾತವಿಲ್ಲ. ದೊಡ್ಡಪ್ಪ ಎರಡು ಮುದ್ದೆ ಉಂಡು ಹೊಸ ಸರ್ಕಾರಕ್ಕೆ ಮಾನ್ಯತೆ ನೀಡಿದರು.

ಅರವತ್ತೆರಡರಲ್ಲಿ ನಿಜವಾದ ಯುದ್ಧವೇ ಬಂತು. ನಮ್ಮಣ್ಣ ಸೈನ್ಯದಲ್ಲಿದ್ದ. ಗಡಿಯಿಂದ ಅವನ ಕಾಗದ ನಿಂತುಹೋಯಿತು. ಹೊಳೆನರಸೀಪುರದ ಬಸ್ಸಿನಲ್ಲಿ ಬರುವ ಪತ್ರಿಕೆಗಾಗಿ ದೊಡ್ಡಪ್ಪ ದಿನಾ ರಸ್ತೆಗೇ ಹೋಗಿ ನಿಲ್ಲತೊಡಗಿದರು. ಓದಿದ ಮೇಲೆ ಭಾಷಣವಿಲ್ಲ. ಯುದ್ಧ ಏಕಾಗುತ್ತದೆ ದೊಡ್ಡಪ್ಪ ಎಂದು ನಾನೇ ಕೇಳಿದೆ.

"ಸುಮ್ಕಿರ್ಲಾ," ಎಂದರು. "ನಂಗೇನ್ಲಾ ಗೊತ್ತು?"

ಅಪ್ಪ ಎರಡು ದಿನ ಊಟ ಬಿಟ್ಟು ಕೊಟ್ಟಿಗೆಯಲ್ಲಿ ಕೂತಿದ್ದರು. ಮೂರನೆಯ ದಿನ ಮಧ್ಯಾಹ್ನ ದೊಡ್ಡಪ್ಪ ತಟ್ಟೆಯಲ್ಲಿ ಮುದ್ದೆ, ಸಾರು ಹಿಡಿದು ಬಂದರು. ಅಭ್ಯಾಸಬಲ, ನೇರ ಎತ್ತಿನ ಎಡಗಿವಿಯ ಬಳಿ ನಿಂತರು.

"ಬಸವಾ, ಕೆಲವ್ರು ಎರಡು ದಿನದಿಂದ..."

ಎತ್ತಿನ ಮೂತಿಯನ್ನು ಪಕ್ಕಕ್ಕೆ ತಳ್ಳಿದರು.

"ಉಣ್ಣು ತಮ್ಮ. ನಿನ್ ಮಗ ಬಂದು, ದೊಡ್ಡಪ್ಪಾ, ನೀನಿದ್ದೂ ಅಪ್ಪ ಯಾಕಿಂಗೆ ಒಣಗೋದ ಅಂತ ಕೇಳುದ್ರೆ, ನಾನೇನ್ಲಾ ಅನ್ಲಿ?"

ನಮ್ಮಣ್ಣನ ಕಾಗದ ಬರಲು ಇನ್ನೂ ಒಂಬತ್ತು ದಿನವಿತ್ತು. ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ತಲೆಯೆತ್ತದೆ ಹೇಳಿದರು:

"ಬದು ನಾನೇ ಒತ್ತಿದ್ದು ಕಣಣ್ಣ."

"ಯಾವ ಬದು ಕಣ್ಲಾ? ಉಣ್ಣು, ಸಾರು ಆರೋಯ್ತದೆ."