ಉದುರಿದ ಹಕಾರ

ಯಾವುದನ್ನಾದರೂ ಭದ್ರವಾಗಿ ಇಟ್ಟಿದ್ದೇನೆ ಎಂದು ನಾನು ಹೇಳಿದರೆ ನನ್ನ ಹೆಂಡತಿ ಸರೋಜ ಆಗಲೇ ಅದನ್ನು ಹುಡುಕಲು ಶುರುಮಾಡುತ್ತಾಳೆ. ಕನ್ನಡಕ, ಕೊಡೆ, ಬೀರುವಿನ ಬೀಗದ ಕೈ ಎಲ್ಲವೂ ನನ್ನ ಭದ್ರತೆಯಲ್ಲೇ ಕಳೆದುಹೋದವು. ಆದರೆ ಕಂಪ್ಯೂಟರಿನಲ್ಲಿ ಇಟ್ಟದ್ದು ಹಾಗಲ್ಲ ಎಂದು ನಂಬಿದ್ದೆ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಇಲಿ ಕಡಿಯುವುದಿಲ್ಲ, ಸರೋಜ ಹಳೇ ಪೇಪರಿನವನಿಗೆ ಹಾಕುವುದಿಲ್ಲ. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಇರುವುದೇನೋ ನಿಜ, ಓದಲು ಬರುವುದಿಲ್ಲ ಅಷ್ಟೆ.

ಯಲಹಂಕದ ಹಳೇ ಪೇಟೆಯ ಒಂದು ಪ್ರೆಸ್ಸಿನಲ್ಲಿ ನಾನು ನಿವೃತ್ತನಾಗುವವರೆಗೂ ಕರಡು ತಿದ್ದುತ್ತಿದ್ದೆ. ತಪ್ಪು ಕಂಡರೆ ಕೈ ತುರಿಸುವ ರೋಗ ಅಲ್ಲಿಂದ ಅಂಟಿತು. ಹೋಟೆಲಿನ ಬೋರ್ಡಿನಲ್ಲಿ 'ಉಪಾಹಾರ' ಹೋಗಿ 'ಉಪಹಾರ' ಆಗಿದ್ದರೆ ನನಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮದು ಪುಟ್ಟೇನಹಳ್ಳಿಯ ಹಳೇ ಮನೆತನ. ನಮ್ಮವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೂವು ಊವು, ಹಳ್ಳ ಅಳ್ಳ, ಹಾಲು ಆಲು. ಮನೆಯಲ್ಲಿ ನಾನೊಬ್ಬ ಓದಿ, ಹಕಾರ ಕಲಿತು, ಅದನ್ನು ಕೇಳದವರಿಗೂ ಹಂಚಲು ಹೊರಟವನು.

ಪ್ರೆಸ್ಸಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೆ ಬರುತ್ತಿದ್ದ ಸೋಬಾನೆ ಪದಗಳನ್ನೆಲ್ಲ, ಅವಳು ಬಿಟ್ಟ ಕಡೆಯಲ್ಲೆಲ್ಲ ಹಕಾರ ಕೂರಿಸುತ್ತ, ಟೈಪ್ ಮಾಡಿದ್ದೆ. ಎಲ್ಲ ಮುಗಿದ ಮೇಲೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀನ್ ಬರ್ಕೊಂಡ್ಯಲ್ಲ, ಇನ್ ನಾನ್ ಮರೆತ್ರೂ ಚಿಂತೆ ಇಲ್ಲ ಬುಡು" ಎಂದಳು. ಆಗ ಅದು ನನಗೆ ಹೊಗಳಿಕೆಯ ಹಾಗೆ ಕೇಳಿತ್ತು. ಈಗ ಹಾಗೆ ಕೇಳುವುದಿಲ್ಲ. ಅಮ್ಮ ಮಾತಿಗೆ ತಪ್ಪುವವಳಲ್ಲ. ವಯಸ್ಸಾಗುತ್ತ ಬಂದ ಹಾಗೆ ಒಂದೊಂದೇ ಪದವನ್ನು ನೆಮ್ಮದಿಯಾಗಿ ಮರೆಯುತ್ತ ಹೋದಳು.

ಈಚೆಗೆ ನನ್ನ ತಂಗಿಯ ಮಗಳ ಮದುವೆ ರಾಜಾನುಕುಂಟೆಯಲ್ಲಿ ಗೊತ್ತಾಯಿತು. ಮೊಮ್ಮಗಳನ್ನು ಹಸೆಗೆ ಕರೆಯುವ ಪದವನ್ನು ತಾನೇ ಹೇಳಬೇಕೆಂದು ಅಮ್ಮನ ಆಸೆ. ಅದನ್ನು ಅವಳಿಗೆ ಕಲಿಸಿದ್ದು ಅವಳ ಅತ್ತೆ, ಅಂದರೆ ನಮ್ಮಜ್ಜಿ. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಆ ಪದಕ್ಕೇ ಎದ್ದು ಹಸೆಗೆ ನಡೆದವರು. ಅಮ್ಮ ಹಜಾರದಲ್ಲಿ ಕೂತು ಗಂಟಲು ಸರಿಮಾಡಿಕೊಂಡಳು. ಬಾಯಿ ತೆರೆದಳು, ರಾಗ ಬಂತು, ಮಾತು ಬರಲಿಲ್ಲ. ರಾಗವನ್ನೇ ಸ್ವಲ್ಪ ಹೊತ್ತು ಎಳೆದು ನಿಲ್ಲಿಸಿ, ಏನೂ ಆಗದವಳಂತೆ, "ನಿನ್ ಪೆಟ್ಗೇಲಿ ಐತಲ್ಲ, ತೆಗಿ" ಎಂದಳು.

ತೆಗೆದೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಹಳೇ ಫೈಲು ತಕರಾರಿಲ್ಲದೆ ತೆರೆದುಕೊಂಡಿತು. ಒಳಗೆ ಕನ್ನಡ ಇರಲಿಲ್ಲ. ತಲೆಯ ಮೇಲೆ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು, ಅರ್ಧ ಚಂದ್ರಗಳು, ಯಾವ ದೇಶದ್ದೋ ದುಡ್ಡಿನ ಚಿಹ್ನೆಗಳು ಸಾಲಾಗಿ ಕೂತಿದ್ದವು. ಅಮ್ಮ ಪರದೆಗೆ ಕಣ್ಣು ಕೊಟ್ಟು ನೋಡಿ, "ಇದ್ರಾಗೆ ನಮ್ ಪದ ಎಲ್ಲೈತೆ?" ಎಂದು ಕೇಳಿದಳು. ತಾಯಿಯ ನೆನಪನ್ನು ಇಸಿದುಕೊಂಡು ಕಳೆದವನು ನಾನು ಎಂದು ತುಂಬ ದುಃಖವಾಯಿತು.

ಪ್ರೆಸ್ಸಿನಲ್ಲಿ ನನ್ನ ಜೊತೆಗಿದ್ದ ವನಜಾಕ್ಷಿ ಈಗ ಯಲಹಂಕದ ನ್ಯೂ ಟೌನಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಅವರ ಬಳಿಗೆ ಓಡಿದೆ. "ಹಳೇ ಫಾಂಟು ಸಾರ್, ಹೊಸ ಕಂಪ್ಯೂಟರ್‌ಗೆ ಅದರ ಪರಿಚಯ ಇಲ್ಲ. ಕನ್ವರ್ಟ್ ಮಾಡಿ ನೋಡ್ತೀನಿ" ಎಂದರು. ಹೀಗೆ ಪರಿವರ್ತನೆಯಾಗಿ ಬಂದ ಕನ್ನಡ ಹೇಗಿರುತ್ತದೆಂದು ನನಗೆ ಗೊತ್ತು. ಅರ್ಕಾವತ್ತು ಜಾಗ ತಪ್ಪಿ ಕಾರ್ಯಕ್ರಮವೆಲ್ಲ 'ಕಾಯರ್ಕ್ರಮ'ವಾಗಿ, ಸೂರ್ಯ 'ಸೂಯರ್'ನಾಗಿ ಹುಟ್ಟುತ್ತಾನೆ. ನಮ್ಮ ಪುಣ್ಯಕ್ಕೆ ಸೋಬಾನೆಯಲ್ಲಿ ಅರ್ಕಾವತ್ತು ಕಡಿಮೆ. ಪದಗಳು ಬಂದವು. ಆದರೆ ಹಕಾರ ಇರಬೇಕಾದ ಕಡೆಯಲ್ಲೆಲ್ಲ ಒಂದು ಖಾಲಿ ಚೌಕ. "ಯಾವಾಗ್ಲೋ ಮೇಲ್‌ನಲ್ಲಿ ಹೋಗಿ ಬರೋವಾಗ ಆ ಒಂದು ಚಿಹ್ನೆ ಉದುರಿಹೋಗಿದೆ ಸಾರ್" ಎಂದರು ವನಜಾಕ್ಷಿ. ನಲವತ್ತೊಂಬತ್ತು ಅಕ್ಷರಗಳಲ್ಲಿ ಉದುರಲು ಸಿಕ್ಕಿದ್ದು ನಾನು ಅಕ್ಕರೆಯಿಂದ ಕೂರಿಸಿದ್ದ ಹಕಾರವೇ.

ಮನೆಗೆ ಬಂದು, ಚೌಕಗಳನ್ನು ಮನಸ್ಸಿನಲ್ಲೇ ತುಂಬಿಕೊಂಡು, ಶುದ್ಧವಾಗಿ ಓದಿದೆ. "ಹಾಲಹಳ್ಳದ ನೀರು ಹರಕೊಂಡು ಬಂದೈತೆ, ಹೂವಂಥ ಪಾದ ತೊಳಕೊಳ್ಳೆ." ಅಮ್ಮ ಮರ್ಯಾದೆಯಿಂದ ಕೇಳಿಸಿಕೊಂಡು, "ಇದ್ಯಾರ ಪದ? ಚೆನ್ನಾಗೈತೆ" ಎಂದಳು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೇಸತ್ತು, ತೆರೆಯ ಮೇಲೆ ಏನಿದೆಯೋ ಅದನ್ನೇ, ಚೌಕ ಬಿಟ್ಟು ಓದತೊಡಗಿದೆ. "ಆಲಳ್ಳದ ನೀರು ಅರಕೊಂಡು ಬಂದೈತೆ..." ಅಮ್ಮನ ತಲೆ ಮೇಲೆದ್ದಿತು. "ಊವಂಥ ಪಾದ ತೊಳಕೊಳ್ಳೆ" ಎಂದು ಅವಳೇ ಮುಂದುವರಿಸಿದಳು. "ತೊಳಕೊಂಡು, ಒಸ ಅಸೆಗೆ ಏಳೆ ನನ ತಾಯಿ." ಆಮೇಲೆ ನಾನು ಓದಲಿಲ್ಲ. ಓದುವ ಅಗತ್ಯ ಬೀಳಲಿಲ್ಲ. ಅಡುಗೆಮನೆಯಿಂದ ಸರೋಜ ಬಂದು ಬಾಗಿಲಿಗೆ ಒರಗಿ ನಿಂತಳು.

ಹಾಡು ಮುಗಿದ ಮೇಲೆ ನಾನು ಸುಮ್ಮನಿರಬಹುದಿತ್ತು. "ಹಾಲಿನ ಹಳ್ಳ ಅನ್ನೋ ಕಲ್ಪನೆ ಎಷ್ಟು ಚೆನ್ನಾಗಿದೆ ಅಲ್ವೇನಮ್ಮ" ಎಂದೆ. ಬಡಾವಣೆಯ ರಾಜ್ಯೋತ್ಸವದಲ್ಲಿ ನಾನು ಇದೇ ಸಾಲು ಹಿಡಿದು, ಹಾಲಿನ ಹಳ್ಳವನ್ನೇ ಹರಿಸಿದ ನಮ್ಮ ತಾಯಂದಿರ ಪ್ರತಿಭೆಯ ಬಗ್ಗೆ ಮಾತಾಡಿದ್ದೆ. ಶಾಲು ಹೊದಿಸಿದ್ದರು. ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಆಲಲ್ಲಿ ಯಾರಾನ ಕಾಲ್ ತೊಳ್ಕೋತಾರೇನೋ? ಆಲದ ಮರ ಕಣೋ. ಕೆರೆ ಕೋಡಿ ತಾವ ಇತ್ತಲ್ಲ, ಅದ್ರ ಬುಡದಾಗೆ ಅರೀತಿದ್ದ ಅಳ್ಳ. ನಾನ್ ಮದ್ವೆಯಾಗಿ ಬಂದಾಗ ಅಲ್ಲೇ ಕಾಲ್ ತೊಳ್ದು ಊರೊಳಕ್ಕೆ ಕರ್ಕೊಂಡಿದ್ದು."

ಆ ಮರದ ಬಿಳಲು ಹಿಡಿದು ನಾನೇ ಜೀಕಿದ್ದೇನೆ. ಈಗ ಮರವಿಲ್ಲ, ಹಳ್ಳದ ಮೇಲೆ ಚಪ್ಪಡಿ ಹಾಸಿ ರಸ್ತೆ ಮಾಡಿದ್ದಾರೆ. ಅದು ಉಳಿದಿದ್ದು ಈ ಪದದೊಳಗೆ ಮಾತ್ರ. ಅಲ್ಲಿಂದಲೂ ಅದನ್ನು ಒಂದು ಹಕಾರ ಹಾಕಿ ಕಡಿದವನು ನಾನು. ಯಂತ್ರ ಕೆಟ್ಟು ಅದನ್ನು ಮತ್ತೆ ನೆಟ್ಟಿತು.

ಮದುವೆಗೆ ಪದವನ್ನು ಹೊಸದಾಗಿ ಟೈಪ್ ಮಾಡಿದೆ, ಅಮ್ಮನ ಬಾಯಲ್ಲಿ ಹೇಗಿದೆಯೋ ಹಾಗೇ. ದನಿಗೂಡಿಸುವ ಹೆಂಗಸರಿಗೆಂದು ಪ್ರತಿ ತೆಗೆಸಿ ಹಂಚಿದೆ. ಕರಡು ತಿದ್ದುವವನ ಕೈ ಒಂದು ಹಕಾರವನ್ನೂ ಮುಟ್ಟಲಿಲ್ಲ. ಆ ಸಂಯಮಕ್ಕೇ ನನಗೆ ಇನ್ನೊಂದು ಶಾಲು ಹೊದಿಸಬಹುದಿತ್ತು. ಚಪ್ಪರದ ಕೆಳಗೆ ಅಮ್ಮ ಕೊನೆಯವರೆಗೂ ಹಾಡಿದಳು, ಹುಡುಗಿ ಎದ್ದು ಹಸೆಗೆ ನಡೆದಳು. ನಾನು ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

ಊಟದ ಹೊತ್ತಿಗೆ ಗಂಡಿನ ಸೋದರತ್ತೆ, ಬಾಗಲೂರಿನ ಕಡೆ ಸ್ಕೂಲಿನಲ್ಲಿ ಕನ್ನಡ ಟೀಚರು, ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ನಾನು ಹಂಚಿದ ಹಾಳೆ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಪ್ರಿಂಟ್‌ನಲ್ಲಿ ಹಕಾರ ಎಲ್ಲ ಬಿಟ್ಟೋಗಿತ್ತು. ನಾನೇ ಹಾಕಿದೀನಿ, ನೋಡಿ" ಎಂದರು.

ನೋಡಿದೆ. ಕೆಂಪು ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಒಂದೂ ಬಿಡದೆ ತಿದ್ದಿದ್ದರು. ಮೊದಲ ಸಾಲಿನಲ್ಲೇ ಹಾಲು ಹರಿಯುತ್ತಿತ್ತು.

"ಫಾಂಟ್ ಪ್ರಾಬ್ಲಂ ಕಣಮ್ಮ" ಎಂದು ಹೇಳಿ ಹಾಳೆಯನ್ನು ಜೇಬಿನಲ್ಲಿ ಇಟ್ಟುಕೊಂಡೆ, ಭದ್ರವಾಗಿ.