ಗುರಮ್ಮನ ಪಕ್ಷಾಂತರ

ಗಡಿಯಾಚೆಯ ತೆಲುಗು ನಾಡಿನ ನಾರಾಯಣಪೇಟೆಯ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಶಿವಶಂಕರಪ್ಪನವರಿಗೆ ಈ ಲೋಕದಲ್ಲಿ ಇದ್ದ ದುಃಖ ಒಂದೇ. ರಾಜ್ಯದ ವಿಧಾನಸಭೆಯ ನೂರಾ ಹತ್ತೊಂಬತ್ತು ಸ್ಥಾನಗಳನ್ನೂ ಸಿರ್ಪೂರದಿಂದ ಹಿಡಿದು ಭದ್ರಾಚಲದವರೆಗೆ ಅವರು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲರು. ಯಾವ ಕುರ್ಚಿಯಲ್ಲಿ ಯಾರು, ಅವರ ಹೆಗಲ ಮೇಲೆ ಯಾವ ಬಣ್ಣದ ಕಂಡುವಾ (ಅದೇ, ಪಕ್ಷದ ಶಲ್ಯ) ಎಂಬುದನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಇಂಥ ಮಹಾಪಂಡಿತನಿಗೆ ಸ್ವಂತ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇರಲಿಲ್ಲ.

ಬಜಾರಿನಲ್ಲಿ ಹಾಗಲ್ಲ. ಎದುರಿನ ಪಾತ್ರೆ ಅಂಗಡಿಯ ಸುರೇಂದರ್ ತನ್ನ ಶಟರ್ ಎತ್ತುವ ಮೊದಲೇ, "ಅಪ್ಪಾ, ಇವ್ವಾಳ ಎವರು ಎಟು ಪೋಯಿಂಡ್ರು?" ಎಂದು ತೆಲುಗಿನಲ್ಲಿ ಕೂಗುತ್ತಿದ್ದ. ಇವತ್ತು ಯಾರು ಯಾವ ಕಡೆ ಹೋದರು ಎಂಬ ಆ ಪ್ರಶ್ನೆಗೆ ಶಿವಶಂಕರಪ್ಪನವರು ಎಂದೂ ತಡವರಿಸಿದವರಲ್ಲ. ಒಂದು ಬಣ್ಣದಲ್ಲಿ ಗೆದ್ದು ಇನ್ನೊಂದು ಬಣ್ಣದ ಪಕ್ಕ ಕೂತವರು, ಕೂತ ಮೇಲೂ "ನಾನು ಎದ್ದೇ ಇಲ್ಲ" ಅನ್ನುವವರು, ಕ್ಷೇತ್ರದ ಅಭಿವೃದ್ಧಿಗಾಗಿ ಹೋದವರು, ಅದೇ ಅಭಿವೃದ್ಧಿಗಾಗಿ ವಾಪಸು ಬಂದವರು, ಹೀಗೆ ಎಲ್ಲರ ಜಾತಕವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಪಾಂಡಿತ್ಯ ನಾಲಿಗೆಯಲ್ಲೇ ನಿಂತಿದ್ದರೆ ಸಂಸಾರ ಸುಖವಾಗಿ ಸಾಗುತ್ತಿತ್ತು. ಆದರೆ ಚುನಾವಣೆ ಮುಗಿದ ವಾರ ಅವರಿಗೊಂದು ದಿವ್ಯ ಯೋಚನೆ ಹೊಳೆಯಿತು. ಅಂಗಡಿಯ ಗೋಡೆ ತುಂಬ ಇದ್ದ ಕಪಾಟನ್ನೇ ಸದನ ಮಾಡಿಬಿಟ್ಟರು. ಸ್ಥಾನಕ್ಕೊಂದು ಸೀರೆ. ಬಲಗಡೆ ಆಡಳಿತ ಪಕ್ಷದ ಬಣ್ಣದವು, ಎಡಗಡೆ ವಿರೋಧ ಪಕ್ಷದವು, ಮೂಲೆಯಲ್ಲಿ ಸಣ್ಣಪುಟ್ಟ ಪಕ್ಷಗಳು. ಅರವತ್ತನೆಯ ಸೀರೆಯ ಮುಂದೆ, ಹಲಗೆಗೆ, ಬಹುಮತದ ಗುರುತಾಗಿ ಒಂದು ಅರಿಷಿಣದ ಬೊಟ್ಟು. ಯಾರಾದರೂ ಹಾರಿದ ಸುದ್ದಿ ಬಂದರೆ ಸಾಕು, ಗಿರಾಕಿಯನ್ನು ನಿಲ್ಲಿಸಿ, ಒಂದು ಸೀರೆಯನ್ನು ಗಂಭೀರವಾಗಿ ಎತ್ತಿ ಆ ಸಾಲಿನಿಂದ ಈ ಸಾಲಿಗೆ ಇಡುವರು. "ಆ ಸೀರಿ ತೋರಸ್ರಿ" ಎಂದ ಹೆಣ್ಣುಮಗಳೊಬ್ಬಳನ್ನು "ಅದನ್ನ ತಗದ್ರ ಸರ್ಕಾರ ಬೀಳ್ತೈತಿ ಬೇ" ಎಂದು ಬರಿಗೈಲಿ ಕಳಿಸಿದ್ದೂ ಉಂಟು.

ಹೀಗಿರುವಾಗ ಮಕ್ತಲ್‌ನಲ್ಲಿ ಅವರ ಹೆಂಡತಿಯ ತಮ್ಮ ಶರಣಬಸವ ಹೊಸ ಮನೆ ಕಟ್ಟಿಸಿದ. ತಿಂಗಳು ಕಳೆದು ಗೃಹಪ್ರವೇಶ. ಗಂಡನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದ ಗುರಮ್ಮ, ಡಬ್ಬಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಕೇಳಿದರು:

"ರೀ, ತಮ್ಮನ ಮನಿ ಕಾರ್ಯಕ್ರಮಕ್ಕ ನನಗೊಂದು ಸೀರಿ ಆರಿಸಿ ಕೊಡ್ರಿ."

ಶಿವಶಂಕರಪ್ಪನವರ ಕಿವಿ ಮೊಬೈಲಿನ ಸುದ್ದಿಯ ಮೇಲಿತ್ತು. ಕಣ್ಣೆತ್ತದೆ ಬಲಗಡೆಯ ಸಾಲಿಗೆ ಕೈಹಾಕಿ ಒಂದನ್ನು ಎಳೆದು ಕೊಟ್ಟರು. "ತಗೋ. ಮೊನ್ನಿ ಆ ಕಡಿಂದ ಬಂದದ್ದು. ಈ ಕಡಿ ಜಾಗ ಸಾಲವಲ್ದು."

ಗುರಮ್ಮ ಸೀರೆ ಮುಟ್ಟಲಿಲ್ಲ.

"ಜಾಗ ಸಾಲದ್ದು ನನಗೇನ್ರಿ?"

"ಚೊಲೋ ಐತಿ ಬಿಡು. ಯಾವುದಾದ್ರೇನು, ಉಡೂ ಸೀರಿ ಉಟ್ರಾತು."

(ಸೀರೆ ಮಾರಿ ಹೊಟ್ಟೆ ಹೊರೆಯುವ ಗಂಡಸು ಬಾಯಿಂದ ಆಡಬಾರದ ಮಾತು ಒಂದಿದ್ದರೆ ಅದು ಇದೇ.)

"ರೀ, ಆಲಂಪುರದಾಗ ಯಾರದಾರ?" ಎಂದು ಗುರಮ್ಮ ಮೆಲ್ಲಗೆ ಕೇಳಿದರು.

ಶಿವಶಂಕರಪ್ಪನವರು ಉಬ್ಬಿಹೋದರು. ಹೆಸರು, ಪಕ್ಷ, ಬಣ್ಣ, ಮೂರನ್ನೂ ಹೇಳಿದರು.

"ಬೋಧನದಾಗ?"

ಅದನ್ನೂ ಹೇಳಿದರು, ಬೇಡದಿದ್ದರೂ ಹಿಂದಿನ ಸಲ ಗೆದ್ದವರ ಬಣ್ಣವನ್ನೂ ಸೇರಿಸಿ ಹೇಳಿದರು.

"ನನ್ನ ಬಣ್ಣ ಯಾವುದ್ರಿ?"

ಶಿವಶಂಕರಪ್ಪನವರು ಕಪಾಟು ನೋಡಿದರು, ಮೇಲ್ಛಾವಣಿ ನೋಡಿದರು, ಕೊನೆಗೆ ಹೆಂಡತಿ ಉಟ್ಟಿದ್ದ ಸೀರೆಯನ್ನೇ ಕಳ್ಳಗಣ್ಣಿಂದ ನೋಡಿ "ಹಸ..." ಎಂದು ಶುರುಮಾಡಿದರು.

"ನೋಡಿ ಹೇಳಬ್ಯಾಡ್ರಿ. ತಿಂಗಳ ತನಕ ಟೈಮ್ ಐತಿ. ನನ್ನ ಮನಸ್ಸಿನ ಬಣ್ಣ ಯಾವುದಂತ ತಿಳಕೊಂಡು ತರ್ರಿ, ಮಕ್ತಲ್‌ದಾಗ ಅದನ್ನ ಉಡ್ತೀನಿ. ನನ್ನ ಮಾತ್ರ ಕೇಳಂಗಿಲ್ಲ. ತರಲಿಲ್ಲಂದ್ರ ನಾನೂ ಪಾರ್ಟಿ ಬದಲಿ ಮಾಡ್ತೀನಿ."

"ನಿನ್ನ ಯಾರು ಕರೀತಾರ?" ಎಂದು ಅವರು ನಗಲು ನೋಡಿದರು. ಗುರಮ್ಮ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಡಬ್ಬಿ ತಂದ ಖಾಲಿ ಚೀಲ ಮಡಚಿಕೊಂಡು ಮೆಟ್ಟಿಲಿಳಿದು ಹೋದರು. ಆ ಸಿಟ್ಟಿಲ್ಲದ ಬೆನ್ನು ನೋಡಿ ಶಿವಶಂಕರಪ್ಪನವರು ಮೊಬೈಲಿನ ಸುದ್ದಿ ಆರಿಸಿದರು. ಅವರಿಗೆ ಗುರಮ್ಮ ಅಂದರೆ ಜೀವ. ಆಕೆ ಎರಡು ದಿನ ತವರಿಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಆಕೆಗೆ ಸಿಕ್ಕದ್ದು ಮಾರಿ ಉಳಿದ ಸೀರೆ, ಅಂಚು ತಪ್ಪಿದ ಸೀರೆ, ಗಿರಾಕಿ ವಾಪಸು ತಂದ ಸೀರೆ. ಆಕೆ ಒಂದನ್ನೂ ಬೇಡ ಅಂದವರಲ್ಲ, ಇವರೂ ಒಮ್ಮೆಯೂ ಕೇಳಿದವರಲ್ಲ.

ಸಂಜೆಯಿಂದಲೇ ಮತದಾರರ ಒಲವಿನ ಸಮೀಕ್ಷೆ ಆರಂಭವಾಯಿತು.

ಸೊಸೆ ಭುವನೇಶ್ವರಿ ಟೀ ತಂದಾಗ ಪಿಸುಗುಟ್ಟಿ ಕೇಳಿದರು. "ಅತ್ತ್ಯಾರಿಗೆ ಹಸರ ರೀ ಮಾವಾರ. ಹಬ್ಬ ಬಂದ್ರ ಹಸರ ಬಿಟ್ಟು ಬ್ಯಾರೆ ಉಡಂಗಿಲ್ಲ," ಎಂದಳು ಆಕೆ.

ಅಂಗಡಿಗೆ ಸೀರೆ ನೇಯುವ ಮಗ್ಗದ ಕಾಳಪ್ಪನ ಫಲಿತಾಂಶ ಬೇರೆಯೇ ಇತ್ತು. "ಕೆಂಪ ರೀ ಸಾವ್ಕಾರ್ರ. ಅಮ್ಮಾರು ಬಂದಾಗೆಲ್ಲಾ ಕೆಂಪು ನೂಲೇ ಮುಟ್ಟಿ ಮುಟ್ಟಿ ನೋಡ್ತಾರ."

ಉಳಿದದ್ದು ಗುರಮ್ಮನ ಅಕ್ಕ ಬಸಲಿಂಗಮ್ಮ, ಗದ್ವಾಲದವರು. (ಈ ಮನೆಯಲ್ಲಿ ಗದ್ವಾಲ ಅಂದರೆ ಬಸಲಿಂಗಮ್ಮನ ಊರು, ಅಷ್ಟೇ. ಅಲ್ಲಿಯೂ ಸೀರೆ ನೇಯುತ್ತಾರೆ, ಜಗತ್ತೆಲ್ಲ ಅದನ್ನು ಕೊಂಡಾಡುತ್ತದೆ ಎಂಬ ಸಂಗತಿಯನ್ನು ನಾರಾಯಣಪೇಟೆಯ ಸೀರೆ ವ್ಯಾಪಾರಿಯ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.) ಅವರಿಗೆ ಫೋನ್ ಹೋಯಿತು.

"ಅರಿಷಿಣ ಬಣ್ಣ ಅಂದ್ರ ಸಣ್ಣಕಿದ್ದಾಗ ಕುಣೀತಿದ್ಲು ನೋಡ್ರಿ," ಎಂದರು ಬಸಲಿಂಗಮ್ಮ. "ಯಾಕ್ರಿ, ಏನು ವಿಶೇಷ?"

"ಏನಿಲ್ರಿ. ಸುಮ್ಮ ಕೇಳಿದ್ನಿ. ಆಕಿಗೆ ಹೇಳಬ್ಯಾಡ್ರಿ ಮತ್ತ."

"ನಾ ಯಾಕ ಹೇಳಲಿ," ಎಂದ ಬಸಲಿಂಗಮ್ಮ ಫೋನಿಟ್ಟವರೇ ತಂಗಿಗೆ ಫೋನ್ ಹಚ್ಚಿದರು.

ಒಟ್ಟಿನಲ್ಲಿ ಯಾರಿಗೂ ಬಹುಮತವಿಲ್ಲ. ಅತಂತ್ರ ಸದನ. ಆದರೆ ಇಂಥ ಸಂದಿಗ್ಧದಲ್ಲಿ ಏನು ಮಾಡಬೇಕೆಂಬುದು ಶಿವಶಂಕರಪ್ಪನವರಿಗಲ್ಲದೆ ಮತ್ತಾರಿಗೆ ಗೊತ್ತು? ನೆಟ್ಟಗೆ ಕಾಳಪ್ಪನ ಮಗ್ಗಕ್ಕೆ ಹೋಗಿ ಸಮ್ಮಿಶ್ರ ಸರ್ಕಾರದ ಆಜ್ಞೆ ಹೊರಡಿಸಿದರು. ಒಡಲು ಹಸಿರು, ಅದರ ಮೇಲೆ ಅರಿಷಿಣದ ಚೌಕಳಿ, ಅಂಚು ಕೆಂಪು. ಯಾವುದಕ್ಕೂ ಇರಲೆಂದು ಸೆರಗಿಗೆ ಹೊರಗಿನಿಂದ ನೇರಳೆಯ ಬೆಂಬಲ.

ಕಾಳಪ್ಪ ಕೈಮುಗಿದ. "ಕಣ್ಣಿಗೆ ಬಡೀತೈತ್ರಿ ಸಾವ್ಕಾರ್ರ."

"ಸ್ಥಿರವಾಗಿರ್ತೈತಿ. ನೇಯಿ."

"ಒಂದು ಸೀರಿ ನೇಯಾಕ ಬರಂಗಿಲ್ರಿ. ಹಾಸು ಹೂಡಿದ್ರ ಎಂಟು ಬರ್ತಾವ."

ಇದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ನಾರಾಯಣಪೇಟೆಯ ಮಗ್ಗದಲ್ಲಿ ಒಮ್ಮೆ ಹಾಸು, ಅಂದರೆ ಉದ್ದನೆಯ ನೂಲು, ಹೂಡಿದರೆ ಎಂಟು ಸೀರೆ. ಹೆಂಡತಿಯ ಪ್ರೀತಿಯ ಮುಂದೆ ಎಂಟೇನು ಮಹಾ ಎಂದು ಎದೆ ಸೆಟೆಸಿ ಮನೆಗೆ ಬಂದರು.

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ, ಕಾಗದದ ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಫಲಿತಾಂಶ ಕಾಯುವ ಅಭ್ಯರ್ಥಿಯಂತೆ ಬಾಗಿಲಲ್ಲಿ ನಿಂತರು. ಗುರಮ್ಮ ಕೈ ಒರೆಸಿಕೊಂಡು ಪೊಟ್ಟಣ ಬಿಚ್ಚಿದರು. ಅಂಚನ್ನೂ ಸೆರಗನ್ನೂ ತಿರುವಿ ನೋಡಿದರು.

"ಇದರಾಗ ನನ್ನ ಬಣ್ಣ ಯಾವುದ್ರಿ?"

"ಎಲ್ಲಾ ಅದಾವಲ್ಲ! ಒಂದರ ಇದ್ದೇ ಇರ್ತೈತಿ."

ಗುರಮ್ಮ ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಅಲ್ಮಾರಿಯಲ್ಲಿಟ್ಟು, ಸೊಸೆಯನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಮಕ್ತಲ್‌ಗೆ ಹೊರಟರು. "ಅಂಗಡಿ ಮುಚ್ಚಿ ನಾಳಿ ಲಗು ಬರ್ರಿ. ಮುಂಜಾನಿಗೆ ಅವಲಕ್ಕಿ ಕಲಸಿ ಇಟ್ಟೀನಿ, ತಿನ್ರಿ." ಇಷ್ಟೇ ಮಾತು. ಸೋತವನ ಠೇವಣಿಯ ಬದಲು ಅವಲಕ್ಕಿ ವಾಪಸು ಸಿಕ್ಕಿತ್ತು.

ಮರುದಿನ ಮಕ್ತಲ್‌ನ ಹೊಸ ಮನೆಯ ಅಂಗಳ ಮಂದಿಯಿಂದ ಗಿಜಿಗುಟ್ಟುತ್ತಿತ್ತು. ಬಾಗಿಲಲ್ಲಿ ಬೆನ್ನು ಮಾಡಿ ಒಬ್ಬ ಹೆಂಗಸು ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಶಿವಶಂಕರಪ್ಪನವರ ಕಣ್ಣು ವ್ಯಾಪಾರಿಯ ಕಣ್ಣು, ಮೊದಲು ಬಿದ್ದದ್ದು ಸೀರೆಯ ಮೇಲೆ. ಹತ್ತಿಯ ಒಡಲು, ರೇಷ್ಮೆಯ ಅಂಚು. ಗದ್ವಾಲ! ಯಾರೋ ಆ ಕಡೆಯ ಬೀಗರು ಅಂದುಕೊಂಡರು. ಬಣ್ಣ ಮಾತ್ರ ಭಾರಿ ಚಂದ. ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ. ನೂರಾ ಹತ್ತೊಂಬತ್ತು ಮಂದಿಯಲ್ಲಿ ಯಾರ ಹೆಗಲ ಮೇಲೂ ಕಂಡ ಬಣ್ಣವಲ್ಲ. ಉಟ್ಟವರೂ ಎಷ್ಟು ಲಕ್ಷಣವಾಗಿದ್ದಾರೆ ಎಂದು ಅವರು ಮನಸ್ಸಿನಲ್ಲಿ ಅನ್ನುವುದಕ್ಕೂ ಆ ಹೆಂಗಸು ಈ ಕಡೆ ತಿರುಗುವುದಕ್ಕೂ ಸರಿಹೋಯಿತು.

ಗುರಮ್ಮ!

"ಏನ್ರಿ ಭಾವಾರ," ಶರಣಬಸವ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ, "ರಾಜ್ಯಕ್ಕೆಲ್ಲಾ ಲೆಕ್ಕಾ ಹೇಳ್ತೀರಿ, ನಿಮ್ಮ ಸರ್ಕಾರದಾಗ ಇದ್ದವರು ಒಬ್ಬರು. ಅವರನ್ನೂ ಗದ್ವಾಲದವರು ಎಗರಿಸಿಬಿಟ್ಟರಲ್ಲ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಸಲಿಂಗಮ್ಮ, ಸೀರೆ ತಂದವರೂ ಅವರೇ. ಮಾನ ಉಳಿಸಿಕೊಳ್ಳಲು ಶಿವಶಂಕರಪ್ಪನವರು ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಅಲ್ಲಿ ಅಡುಗೆಯವರು ಬುಟ್ಟಿಗಟ್ಟಲೆ ಉಳ್ಳಾಗಡ್ಡಿ ಸುಲಿದು ಸಿಪ್ಪೆಯ ಗುಡ್ಡೆ ಹಾಕಿದ್ದರು. ಹಿಂದೆಯೇ ಗುರಮ್ಮ ಬಂದರು. ಸೀರೆಯೂ ಸಿಪ್ಪೆಯೂ ಒಂದೇ ಬಣ್ಣ.

"ಉಳ್ಳಾಗಡ್ಡಿ ಬಣ್ಣಾನ?" ಎಂದರು ಶಿವಶಂಕರಪ್ಪ, ಸೋತ ದನಿಯಲ್ಲಿ. "ನಮ್ಮ ಅಂಗಡ್ಯಾಗ ಇದನ್ನ ನಾ ಇಡಂಗೇ ಇಲ್ಲಲ್ಲ ಗುರಮ್ಮ. ಯಾರೂ ಕೇಳಂಗಿಲ್ಲ ಅಂತ..."

"ಅದಕ್ಕ ಗದ್ವಾಲಕ್ಕ ಹೇಳಿ ತರಿಸಿದೆ."

"ಯಾವಾಗಿಂದ ನಿನಗ ಈ ಬಣ್ಣ?"

ಗುರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ನೀವು ನನ್ನ ನೋಡಾಕ ಇದೇ ಊರಿಗೆ ಬಂದಿದ್ರಲ್ಲ, ಅವತ್ತು ಈ ಬಣ್ಣದ ಅಂಗಿ ಹಾಕ್ಕೊಂಡಿದ್ರಿ. ಅವತ್ತಿಂದ."

ಶಿವಶಂಕರಪ್ಪನವರಿಗೆ ನೆನಪಾಯಿತು. ನೆನಪಾದದ್ದೇ ತಡ ಮುಖ ಇನ್ನೂ ಬಾಡಿತು. ಆ ಅಂಗಿ ಅವರದಲ್ಲ, ದೊಡ್ಡಪ್ಪನ ಮಗನದು. ಹೇಳಲೋ ಬೇಡವೋ ಎಂದು ಬಾಯಿ ತೆರೆದು ಮುಚ್ಚಿದರು.

"ನಿಮ್ಮದಲ್ಲ, ಗೊತ್ತೈತಿ," ಎಂದರು ಗುರಮ್ಮ. "ತೋಳು ಬೆರಳ ತನಕ ಬಂದಿತ್ತು. ಉಪ್ಪಿಟ್ಟಿನ ತಾಟು ಹಿಡಿಯಾಕ ಬಾಳ ಒದ್ದಾಡಿದ್ರಿ ಪಾಪ."

"ಗೊತ್ತಿದ್ದೂ ಹೆಂಗ ಒಪ್ಪಿದಿ?"

"ಇವರ ತೋಳು ಮಡಚಾಕ ಒಬ್ಬರು ಬೇಕಲ್ಲ ಅನಿಸ್ತು."

ಶಿವಶಂಕರಪ್ಪನವರಿಗೆ ಕಣ್ಣು ತುಂಬಿಬಂತು. ಅಡುಗೆಯವರು ನೋಡುತ್ತಿದ್ದರು. "ಉಳ್ಳಾಗಡ್ಡಿ ಬಾಳ ಘಾಟು ಐತಿ," ಎಂದು ಧೋತರದ ಚುಂಗಿನಿಂದ ಒರೆಸಿಕೊಂಡರು. ಪಕ್ಷ ಬಿಟ್ಟಳೆಂದು ಊರೆಲ್ಲ ನಕ್ಕ ಈ ಹೆಂಗಸು ಒಂದು ದಿನವೂ ಪಕ್ಷ ಬಿಟ್ಟಿರಲಿಲ್ಲ. ಎಲ್ಲರ ಜಾಗ ಬಲ್ಲವರು ಅದೊಂದನ್ನು ಮಾತ್ರ ನೋಡಿರಲಿಲ್ಲ.

ನಾರಾಯಣಪೇಟೆಗೆ ಬಂದ ಮರುದಿನವೇ ಸದನ ವಿಸರ್ಜನೆಯಾಯಿತು. ಕಪಾಟಿನ ಅರಿಷಿಣದ ಬೊಟ್ಟು ಒರೆಸಿ, ಸೀರೆಗಳನ್ನೆಲ್ಲ ಮಾರಾಟಕ್ಕೆ ಬಿಟ್ಟರು. ಕಾಳಪ್ಪನ ಮಗ್ಗದ ಮೇಲೆ ಉಳ್ಳಾಗಡ್ಡಿ ಬಣ್ಣದ ಹಾಸು ಹೂಡಿಸಿದರು. ಎಲ್ಲವೂ ಸರಿಯಾಯಿತು. ಸಮ್ಮಿಶ್ರ ಸರ್ಕಾರದ ಸೀರೆಗಳನ್ನು ಮಾತ್ರ ಯಾರೂ ಮೂಸಿ ನೋಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಗುರಮ್ಮ ಅವರ ಕೈಗೊಂದು ಅಂಗಿ ಕೊಟ್ಟರು. ಅಲ್ಮಾರಿಯಲ್ಲಿಟ್ಟಿದ್ದ ಸೀರೆಯನ್ನೇ ಕತ್ತರಿಸಿ ಮನೆಯ ಮಿಷನ್ನಿನಲ್ಲಿ ಹೊಲಿದದ್ದು. ಮೈಗೆ ಹಸಿರು, ಅದರ ಮೇಲೆ ಅರಿಷಿಣ ಚೌಕಳಿ, ಕೆಂಪು ಪಟ್ಟಿಯ ತೋಳು, ನೇರಳೆ ಕಾಲರು. ಬೇಡ ಅನ್ನುವ ಧೈರ್ಯ ಅವರಿಗಿರಲಿಲ್ಲ. ಹಾಕಿಕೊಂಡರು. ಅಳತೆ ತೆಗೆಯದೆ ಹೊಲಿದ ಅಂಗಿಯ ತೋಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಮಣಿಕಟ್ಟಿಗೆ ಬಂದು ನಿಂತಿತು.

ಅವತ್ತು ಗುರಮ್ಮನೂ ಅಂಗಡಿಗೆ ಬಂದಿದ್ದರು. ಶಟರ್ ಎತ್ತುತ್ತಿದ್ದ ಸುರೇಂದರ್ ಆ ಅಂಗಿ ನೋಡಿ ಅರ್ಧಕ್ಕೇ ನಿಲ್ಲಿಸಿದ. "ಅಪ್ಪಾ! ಇದಿ ಏ ಪಾರ್ಟೀ?"

ಯಾವ ಪಕ್ಷ ಎಂದು ಕೇಳಿದರೆ ಶಿವಶಂಕರಪ್ಪನವರು ಇವತ್ತೂ ತಡವರಿಸಲಿಲ್ಲ. ಮೆಟ್ಟಿಲ ಮೇಲೆ ನಿಂತು, ತೋಳು ಸರಿಮಾಡಿಕೊಂಡು, ಬಜಾರಿಗೆಲ್ಲ ಕೇಳುವಂತೆ ಹೇಳಿದರು: "ಗುರಮ್ಮನ ಪಾರ್ಟಿ! ಮೆಂಬರು ಅವರೊಬ್ಬರೇ, ಸರ್ಕಾರಾನೂ ಅವರದೇ. ನಂದು ಹೊರಗಿಂದ ಬೆಂಬಲ."

ಅಂಗಡಿಯ ಒಳಗಿಂದ ಗುರಮ್ಮನ ದನಿ ಬಂತು. "ಹೊರಗ ನಿಂತ್ರ ಉಳದ ಏಳೂ ಸೀರೀದೂ ಅಂಗಿ ಹೊಲಿತೀನಿ. ಸುಮ್ಮ ಒಳಗ ಬರ್ರಿ."

ಶಿವಶಂಕರಪ್ಪನವರು ಚಪ್ಪಲಿ ಬಿಟ್ಟು ಒಳಗೆ ಹೋದರು.